ಒಂದು ಮನೆ, ಎರಡು ಮೀಟರು, ಮೂರೂವರೆ ಒಲೆ

ನಮ್ಮ ಮನೆಯಲ್ಲಿ ದೊಡ್ಡವರು ಐದು ಜನ. ಮಕ್ಕಳು ಯಾರೂ ಇಲ್ಲ. ಗದರಿಸಲಿಕ್ಕೆ, ಓದಿಕೋ ಹೋಗು ಎನ್ನಲಿಕ್ಕೆ, ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ ಎಂದು ಕಣ್ಣು ಬಿಡಲಿಕ್ಕೆ ಒಂದೇ ಒಂದು ಮಗು ಇದ್ದಿದ್ದರೂ ಉಳಿದವರೆಲ್ಲ ದೊಡ್ಡವರಾಗಿ ಬಾಳಬಹುದಿತ್ತು. ಇಲ್ಲವಾದ್ದರಿಂದ ನಾವೇ ಸರದಿಯ ಮೇಲೆ ಒಬ್ಬೊಬ್ಬರಾಗಿ ಮಗುವಾಗುತ್ತೇವೆ. ಈ ವಾರ ನನ್ನ ಸರದಿ ಎಂದು ಮನೆಯವರ ಅಭಿಪ್ರಾಯ.

ಅತ್ತೆಗೆ 86. ನಮ್ಮವರಿಗೆ 64. ನನಗೆ ಆಧಾರ್ ಕಾರ್ಡಿನ ಪ್ರಕಾರ 60. ಮಗನಿಗೆ 34, ಸೊಸೆಗೆ 32. ಆರನೆಯವಳೊಬ್ಬಳಿದ್ದಾಳೆ, ಮಗಳು, ವಯಸ್ಸು 29, ಅವಳು ಸ್ವತಂತ್ರ. ಅಂದರೆ ಎಚ್‌ಎಸ್‌ಆರ್ ಲೇಔಟಿನಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆ ಮಾಡಿದ್ದಾಳೆ. ಶನಿವಾರ ಅವಳ ಒಗೆಯುವ ಬಟ್ಟೆ ಇಲ್ಲಿಗೆ ಬರುತ್ತದೆ, ಬಟ್ಟೆಯ ಹಿಂದೆ ಅವಳೂ ಬರುತ್ತಾಳೆ. ಏಳನೆಯವರು ತಾರಸಿ ರೂಮಿನ ಬಾಡಿಗೆದಾರರು, ಶಿವಮೊಗ್ಗ ಕಡೆಯ ನಿವೃತ್ತ ಸಮಾಜಶಾಸ್ತ್ರದ ಮೇಷ್ಟ್ರು. ಅವರ ವಿಷಯ ಆಮೇಲೆ.

ಇಷ್ಟು ಜನರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ತಾನು ಯಾರ ಹಂಗಿನಲ್ಲೂ ಇಲ್ಲ, ತನ್ನಷ್ಟಕ್ಕೆ ತಾನು ಬೇರೆ ಇದ್ದೇನೆ ಎನ್ನುತ್ತಾರೆ. ಅತ್ತೆಗೆ ಮಾವನವರ ಫ್ಯಾಮಿಲಿ ಪೆನ್ಷನ್ ಇದೆ. ನಮ್ಮವರಿಗೆ ಸ್ವಂತ ಪೆನ್ಷನ್ ಇದೆ. ಮಗನಿಗೆ ಸಂಬಳ, ಸೊಸೆಗೆ ಅವನಿಗಿಂತ ಹೆಚ್ಚು ಸಂಬಳ. ನಾನಂತೂ ಭಜನಾ ಮಂಡಳಿಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತೇನೆ: “ನೋಡಿ, ನಾವು ಮಕ್ಕಳಿಗೆ ಭಾರವಾಗಿಲ್ಲ. ಅವರ ಪಾಡು ಅವರಿಗೆ, ನಮ್ಮ ಪಾಡು ನಮಗೆ.” ಹೇಳಿ ಮುಗಿಸುವಷ್ಟರಲ್ಲಿ ಫೋನ್ ಬರುತ್ತದೆ. “ಅಮ್ಮಾ, ಎಷ್ಟೊತ್ತಿಗೆ ಬರ್ತೀಯಾ? ಹುಳಿ ಎಲ್ಲಿಟ್ಟಿದೀಯಾ?”

ಮನೆ ಬಸವೇಶ್ವರನಗರದಲ್ಲಿ, 30×40 ಸೈಟಿನ ಮೇಲೆ. ಕೆಳಗೊಂದು ಮನೆ, ಮೇಲೊಂದು ಮನೆ, ತಾರಸಿಯಲ್ಲೊಂದು ರೂಮು. ಮಗ ಸೊಸೆ ಮದುವೆಯಾದ ಹೊಸದರಲ್ಲಿ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. 21 ದಿನ ಅಂತ ಪ್ರಧಾನಿಗಳು ಟೀವಿಯಲ್ಲಿ ಹೇಳಿದ್ದನ್ನು ನಂಬಿ, ಮಗ ಸೊಸೆ ಎರಡೆರಡು ಜೊತೆ ಬಟ್ಟೆ ಹಿಡಿದುಕೊಂಡು ಇಲ್ಲಿಗೆ ಬಂದರು. ಮೇಲಿನ ಮನೆಯ ಬಾಡಿಗೆದಾರರು ಅದೇ ಗಲಾಟೆಯಲ್ಲಿ ಖಾಲಿ ಮಾಡಿಕೊಂಡು ಊರಿಗೆ ಹೋದರು. ಆ 21 ದಿನ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನಮ್ಮವರು ಮಾತ್ರ ಆಗಾಗ ಕೈಬೆರಳು ಮಡಚಿ, ಮೇಲಿನ ಮನೆಗೆ ಇಷ್ಟು ವರ್ಷ ಬಾಡಿಗೆ ಬಂದಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ನಿಟ್ಟುಸಿರು ಬಿಡುತ್ತಾರೆ. ಮಗ ಕೇಳಿದರೆ “ಏನಿಲ್ಲಪ್ಪ, ಗ್ಯಾಸು” ಎನ್ನುತ್ತಾರೆ.

ಮಗ ಸೊಸೆ ಮೇಲಿನ ಮನೆಗೆ ಹೋದ ದಿನವೇ ನಾನೊಂದು ಭಾಷಣ ಮಾಡಿದೆ. 1989ರಲ್ಲಿ ನಾನು ಸೊಸೆಯಾಗಿ ಚಾಮರಾಜಪೇಟೆಯ ವಠಾರದ ಮನೆಗೆ ಬಂದಾಗ ಒಂದು ಬಚ್ಚಲಿಗೆ ಹತ್ತು ಜನ, ಒಂದು ಪಂಪ್ ಸ್ಟೌವಿಗೆ ಮೂವರು ವಾರಗಿತ್ತಿಯರು. ಆ ಕಷ್ಟ ನನ್ನ ಸೊಸೆಗೆ ಬೇಡ. ಮೇಲೆ ಅವಳದೇ ಅಡುಗೆಮನೆ, ಅವಳದೇ ಗ್ಯಾಸು. ಕರೆಯದೆ ನಾನು ಮೆಟ್ಟಿಲು ಹತ್ತುವುದಿಲ್ಲ. ವಾರಪತ್ರಿಕೆಗಳ ಮಹಿಳಾ ಅಂಕಣಗಳನ್ನು ಮೂವತ್ತು ವರ್ಷ ಓದಿದ ಫಲ ಆ ಹೊತ್ತು ನನ್ನ ಬಾಯಲ್ಲಿ ನಿರರ್ಗಳವಾಗಿ ಬಂತು. ಸೊಸೆ ಧಾರವಾಡದವಳು. ಕೈಕಟ್ಟಿಕೊಂಡು ಪೂರ್ತಿ ಕೇಳಿ, “ಛಲೋ ಆತ್ರಿ ಅತ್ತೀ” ಎಂದಳು. ಇನ್ನೂ ಸ್ವಲ್ಪ ಹೊಗಳಬಹುದಿತ್ತು ಅನ್ನಿಸಿತು.

ಆ ಮಾತಿಗೆ ನಾನು ಇವತ್ತಿಗೂ ತಪ್ಪಿಲ್ಲ. ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ನನ್ನ ತತ್ವ ಅರ್ಧ ಕಾರಣ, ಮಂಡಿ ನೋವು ಇನ್ನರ್ಧ. ಆದರೆ ಕಿವಿಯ ವಿಷಯದಲ್ಲಿ ನಾನು ಯಾವ ಭಾಷಣವನ್ನೂ ಮಾಡಿರಲಿಲ್ಲವಲ್ಲ. ಮೇಲೆ ಆಫೀಸಿನ ಗಾಲಿ ಕುರ್ಚಿ ದರದರನೆ ಹಿಂದಕ್ಕೆ ಹೋದರೆ ಮಗನ ಮೀಟಿಂಗ್ ಮುಗಿಯಿತು. ಚಪ್ಪಲಿ ಸದ್ದು ಹಾಲಿನಿಂದ ಬಾಲ್ಕನಿಗೂ ಬಾಲ್ಕನಿಯಿಂದ ಹಾಲಿಗೂ ಓಡಾಡಿದರೆ ಸೊಸೆ ಅವಳಮ್ಮನ ಜೊತೆ ಫೋನಿನಲ್ಲಿದ್ದಾಳೆ. ಸದ್ದು ಒಂದೇ ಕಡೆ ನಿಂತುಬಿಟ್ಟರೆ ವಿಷಯ ನಾನು. ಕುಕ್ಕರಿನ ಕೂಗು ಎಣಿಸುವುದಂತೂ ನನಗೆ ಅಭ್ಯಾಸವಾಗಿ ಹೋಗಿದೆ. ಬೇಳೆಗೆ ಎರಡೇ ಕೂಗಿಗೆ ಆರಿಸಿದ್ದು ಕೇಳಿದರೆ ಇಲ್ಲಿ ನನ್ನ ಹೊಟ್ಟೆಯಲ್ಲಿ ಸಂಕಟ. ಮೇಲೆ ಹೋಗುವಂತಿಲ್ಲ, ತತ್ವ. ಹೇಳದೆ ಇರುವಂತಿಲ್ಲ, ಸ್ವಭಾವ. ಕೊನೆಗೆ ಒಂದು ದಿನ ವಾಟ್ಸಾಪಿನಲ್ಲಿ “ಇನ್ನೊಂದು ಕೂಗಿಸಮ್ಮ” ಎಂದು ಕಳಿಸಿದೆ. ಮೇಲಿಂದ ಹೆಬ್ಬೆರಳಿನ ಚಿತ್ರ ಬಂತು. ಮೂರನೇ ಕೂಗು ಬರಲಿಲ್ಲ.

ಈ ಬೇರೆ ಅಡುಗೆಮನೆಯನ್ನು ಸಾಬೀತು ಮಾಡಬೇಕಾಗಿ ಬಂದ ಕಥೆಯೂ ಇದೆ. ಒಂದು ಕುಟುಂಬಕ್ಕೆ ಒಂದೇ ಗ್ಯಾಸ್ ಸಂಪರ್ಕ ಎಂಬುದು ನಿಯಮ. ಅದೇ ವಿಳಾಸಕ್ಕೆ ಇನ್ನೊಂದು ಬೇಕೆಂದರೆ ಅಡುಗೆಮನೆ ಬೇರೆಯೇ ಇರಬೇಕು. ಏಜೆನ್ಸಿಯ ಹುಡುಗ ನೋಡಿಕೊಂಡು ಹೋಗಲು ಬಂದ. ಅತ್ತೆ ಅವನನ್ನು ಕೂರಿಸಿ, ಕೆಳಗಿನ ಮನೆಯ ಉಪ್ಪಿಟ್ಟಿಗೆ ಮೇಲಿನ ಮನೆಯ ಶೇಂಗಾ ಚಟ್ನಿ ತರಿಸಿ ಹಾಕಿದರು. ಅವನು ಎರಡನ್ನೂ ತಿಂದು, “ಅಡುಗೆಮನೆ ಬೇರೆ ಬೇರೆನೇ ಅಲ್ವಾ ಅಜ್ಜಿ?” ಎಂದ. “ಬೇರೇನೇ ಕಣಪ್ಪ, ರುಚಿ ನೋಡಿದರೆ ಗೊತ್ತಾಗಲ್ವೇ?” ಎಂದರು ಅತ್ತೆ. ಆ ಮಾತು ಉಪ್ಪಿಟ್ಟಿನ ಮೇಲಿತ್ತೋ ಚಟ್ನಿಯ ಮೇಲಿತ್ತೋ ಎಂದು ನಾನೂ ಸೊಸೆಯೂ ಇನ್ನೂ ಯೋಚಿಸುತ್ತಿದ್ದೇವೆ.

ಸಂಜೆಯ ಹೊತ್ತು ಮೇಲಿನ ಮನೆಗೆ ಊಟದ ಪಾರ್ಸೆಲ್ ಬರುತ್ತದೆ. ತರುವ ಹುಡುಗ ಮೊದಲು ಒತ್ತುವುದು ನಮ್ಮ ಬೆಲ್ಲು. ನಾನು ತೆಗೆದುಕೊಂಡು, ಬಿಸಿಯಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ, ಏನೆಂದು ಮೂಸಿ ನೋಡಿ, ಬಿಲ್ಲಿನ ಮೇಲಿನ ಮೊತ್ತ ಓದಿ, ಆಮೇಲೆ ಮಗನನ್ನು ಕೂಗಿ ಕೊಡುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲೇ. ಒಂದು ದಿನ ಹುಡುಗ ಗೇಟಿನಲ್ಲೇ ನಿಂತು ಒದ್ದಾಡುತ್ತಿದ್ದ. “ಬಾಪ್ಪ, ಕೊಡು” ಅಂದರೆ ಕೊಡಲೊಲ್ಲ. ಯಾಕೆಂದು ಕೇಳಿದ್ದಕ್ಕೆ ಫೋನ್ ತಿರುಗಿಸಿ ತೋರಿಸಿದ. ಆರ್ಡರಿನ ಕೆಳಗೆ ಸೂಚನೆ ಬರೆದಿತ್ತು: ಕೆಳಗಿನ ಮನೆಯ ಬೆಲ್ ಒತ್ತಬೇಡಿ, ಆಂಟಿಯವರ ಕೈಗೆ ಕೊಡಬೇಡಿ. “ಆಂಟಿ ನೀವೇನಾ?” ಎಂದು ಕೇಳಿದ ಅವನು, ಬಹಳ ಮರ್ಯಾದೆಯಿಂದ. “ಇಲ್ಲಪ್ಪ, ಅವರು ಊರಿಗೆ ಹೋಗಿದ್ದಾರೆ” ಎಂದು ಪಾರ್ಸೆಲ್ ಇಸಿದುಕೊಂಡೆ. ಪನೀರ್ ಏನೋ ಇತ್ತು. 480 ರೂಪಾಯಿ.

ಬೆಳಗಿನ ಕಾಫಿಯದು ಇನ್ನೊಂದು ಪುರಾಣ. ಅತ್ತೆ ಏಳುವುದು ನಾಲ್ಕೂವರೆಗೆ. ಹಿಂದಿನ ರಾತ್ರಿಯೇ ನಾನು ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಒತ್ತಿ, ಕುದಿಯುವ ನೀರು ಹೊಯ್ದು ಮುಚ್ಚಿಟ್ಟಿರಬೇಕು. ಬೆಳಗಾಗುವಷ್ಟರಲ್ಲಿ ಕೆಳಗಿಳಿದ ಆ ಕಪ್ಪು ಗಟ್ಟಿ ಡಿಕಾಕ್ಷನ್ ಅವರದು. ಐದೂವರೆಗೆ ಏಳುವ ನಮ್ಮವರಿಗೆ ಅದರಲ್ಲಿ ಉಳಿದದ್ದು, ಜೊತೆಗೆ ಎರಡನೇ ನೀರಿನದು ಸ್ವಲ್ಪ. ನನ್ನ ಪಾಲಿಗೆ ಬರುವ ಹೊತ್ತಿಗೆ ಲೋಟದ ತಳ ಕಾಣುತ್ತಿರುತ್ತದೆ. ನಮ್ಮ ಮನೆಯಲ್ಲಿ ವಯಸ್ಸು ಇಳಿದಂತೆ ಕಾಫಿಯೂ ತೆಳ್ಳಗಾಗುತ್ತದೆ. ಮಗ ಈ ಸಾಲಿನಲ್ಲೇ ಇಲ್ಲ. ಅವನು ಏಳುವುದು ಒಂಬತ್ತೂವರೆಗೆ. ರಾತ್ರಿಯೆಲ್ಲ ಅಮೆರಿಕದವರ ಜೊತೆ ಮಾತಾಡಿರುತ್ತಾನೆ. ಎದ್ದವನು ಚಿನ್ನದಂಗಡಿಯಲ್ಲಿ ಇರುವಂಥ ಪುಟ್ಟ ತಕ್ಕಡಿ ತೆಗೆದು ಚಿಕ್ಕಮಗಳೂರಿನ ಬೀಜ ತೂಗುತ್ತಾನೆ. ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ಪುಡಿ ಮಾಡುತ್ತಾನೆ. ಉದ್ದ ಮೂತಿಯ ಕೆಟಲ್ಲಿನಿಂದ ನೀರನ್ನು ಸುತ್ತಿ ಸುತ್ತಿ ಹನಿಸುತ್ತಾನೆ. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯ ಹೆಸರೆತ್ತಿದರೆ ಮುಖ ಹಿಂಡುತ್ತಾನೆ. ಒಮ್ಮೆ ಅತ್ತೆ ಮೇಲೆ ಹೋಗಿ (ಅವರಿಗೆ ತತ್ವವೂ ಇಲ್ಲ, ಮಂಡಿ ನೋವೂ ಇಲ್ಲ) ಇದನ್ನೆಲ್ಲ ನಿಂತು ನೋಡಿಕೊಂಡು ಬಂದರು. ಕೆಳಗಿಳಿದವರೇ ನನ್ನ ಹತ್ತಿರ, “ಮಗು ಹಾಲಿಗೂ ಗತಿಯಿಲ್ಲದೆ ಬರೀ ಕಷಾಯ ಕುಡೀತಿದೆ ಕಣೇ, ನಿನಗೆ ಕಣ್ಣಿಲ್ವಾ?” ಎಂದು, ಅರ್ಧ ಲೀಟರು ನೀಲಿ ಪ್ಯಾಕೆಟ್ಟನ್ನು ಮೇಲಕ್ಕೆ ಕಳಿಸಿದರು.

ಹಾಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚಿಗೆ ಹಾಕಿ 2 ರೂಪಾಯಿ ಏರಿಸಿದರಲ್ಲ, ಆ 50 ಮಿಲಿ ಯಾರಿಗೆ ಸಲ್ಲಬೇಕೆಂದು ನಮ್ಮಲ್ಲಿ ಚರ್ಚೆ ಶುರುವಾಯಿತು. ಅತ್ತೆ ಮೊಸರಿಗೆ ಎಂದರು. ನಮ್ಮವರು ರಾತ್ರಿಯ ಲೋಟಕ್ಕೆ ಎಂದರು. ನಾನು ನನ್ನ ಕಾಫಿಗೆ ಎಂದು ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ತೀರ್ಮಾನವಾಗುವುದರೊಳಗೆ 2025ರ ಏಪ್ರಿಲ್ ಬಂದು, ಪ್ಯಾಕೆಟ್ಟು ಮೊದಲಿನ ಅಳತೆಗೇ ಮರಳಿತು. ಬೆಲೆ ಮಾತ್ರ ಇನ್ನೂ ಮೇಲೆ ಹೋಯಿತು.

ಇನ್ನು ಮೀಟರು. ಕೆಳಗೊಂದು, ಮೇಲೊಂದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮವರಿಗೆ ನಿವೃತ್ತಿಯ ನಂತರದ ಹೊಸ ಉದ್ಯೋಗ ಸಿಕ್ಕಿತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ಅಷ್ಟು ಯೂನಿಟ್ಟು ಉಚಿತ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೆ. ಕೆಳಗಿನ ಮನೆಗೆ ಸೊನ್ನೆ ಬಿಲ್ಲು ಬಂದ ತಿಂಗಳು ಅವರ ಮುಖದ ಮೇಲಿದ್ದ ಕಳೆ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ. ಮೇಲಿನ ಮನೆಯಲ್ಲಿ ಎರಡು ಲ್ಯಾಪ್‌ಟಾಪು, ಒಂದು ಎಸಿ, ಎಣ್ಣೆಯಿಲ್ಲದೆ ಬೋಂಡಾ ಕರಿಯುವ ಪೆಟ್ಟಿಗೆಯೊಂದು. ಆ ಮೀಟರು 200ರ ಗಡಿಯನ್ನು ತಿಂಗಳ ಮಧ್ಯದಲ್ಲೇ ದಾಟಿರುತ್ತದೆ. ಹಾಗಾಗಿ ಮಗ ಸೊಸೆ ಇಸ್ತ್ರಿ ಪೆಟ್ಟಿಗೆ, ಚಾರ್ಜರು, ಕೂದಲು ಒಣಗಿಸುವ ಯಂತ್ರ ಎಲ್ಲ ಹಿಡಿದುಕೊಂಡು ಕೆಳಗಿಳಿಯಲಾರಂಭಿಸಿದರು. “ಅತ್ತೀ, ನಿಮ್ಮ ಜೋಡಿ ಕೂತು ಮಾತಾಡೂಣಂತ ಬಂದೆ” ಎನ್ನುತ್ತ ಸೊಸೆ ಬಂದು ಪಕ್ಕದಲ್ಲಿ ಕೂತಾಗ ನನಗೆ ಕಣ್ಣು ತುಂಬಿ ಬರುತ್ತಿತ್ತು. ನಮ್ಮವರು ಮಾತ್ರ ಸೋಫಾದ ಹಿಂದೆ ಬಗ್ಗಿ ನೋಡಿ, “ಎಷ್ಟು ಪರ್ಸೆಂಟ್ ಆಯ್ತಮ್ಮ?” ಎಂದು ಕೇಳುತ್ತಿದ್ದರು.

ಅತ್ತೆಯದು ಬೇರೆಯೇ ಲೆಕ್ಕ. ದೇವರ ನೈವೇದ್ಯಕ್ಕೆ ಮಡಿಯಲ್ಲಿ ಅನ್ನವಾಗಬೇಕು. ಈರುಳ್ಳಿ ಬೆಂದ ಒಲೆಯಲ್ಲಿ ಆಗದು. ಮೊಮ್ಮಗ ಇಂಡಕ್ಷನ್ ತಂದುಕೊಟ್ಟ. ಅವರ ಹಿತ್ತಾಳೆ ಪಾತ್ರೆಗೆ ಅದು ಕಾಯಲಿಲ್ಲ. ಅಟ್ಟದಿಂದ ಹಳೆಯ ಕಾಯಿಲ್ ಒಲೆ ಇಳಿಯಿತು. ದೇವರ ಮನೆಯ ಪಕ್ಕದಲ್ಲಿ ಅದು ಕೆಂಪಗೆ ಉರಿಯುತ್ತಿದ್ದರೆ ನಮ್ಮವರು ಒಂದು ಕಣ್ಣು ಮೀಟರಿನ ಮೇಲೆ, ಒಂದು ಕಣ್ಣು ದೇವರ ಮೇಲೆ ಇಟ್ಟು ನಿಂತಿರುತ್ತಾರೆ. “ಅಮ್ಮಾ, ಕೇಸರಿಬಾತಿಗೆ ತುಂಬ ಹೊತ್ತು ಹಿಡಿಯುತ್ತೆ. ದೇವರಿಗೆ ಬಾಳೆಹಣ್ಣೇ ಇಷ್ಟ ಅಂತ ಪ್ರವಚನದಲ್ಲಿ ಹೇಳಿದರು.” ಯಾವ ಪ್ರವಚನವೂ ಇಲ್ಲ, ಅವರು ಕೇಳಿದ್ದೂ ಇಲ್ಲ.

ತಾರಸಿ ರೂಮನ್ನು ಬಾಡಿಗೆಗೆ ಕೊಡೋಣವೆಂದಾಗ ಬೋರ್ಡು ಬರೆಸಿದವಳು ನಾನೇ. “ಬಾಡಿಗೆಗೆ ಇದೆ. ಫ್ಯಾಮಿಲಿಗೆ ಮಾತ್ರ. ಬ್ಯಾಚುಲರ್‌ಗಳು ವಿಚಾರಿಸಬೇಡಿ.” ಹತ್ತಡಿ ಹನ್ನೆರಡಡಿಯ ಒಂದು ರೂಮಿನಲ್ಲಿ ಯಾವ ಫ್ಯಾಮಿಲಿ ಹಿಡಿಸುತ್ತದೆಂದು ನಾನು ಯೋಚಿಸಿರಲಿಲ್ಲ. ಆ ಶನಿವಾರ ಬಟ್ಟೆ ಮೂಟೆಯ ಜೊತೆ ಬಂದ ಮಗಳು ಗೇಟಿನಲ್ಲಿ ನಿಂತು ಬೋರ್ಡನ್ನು ಎರಡು ಸಲ ಓದಿದಳು. ಅವಳೂ ಗೆಳತಿಯೂ ಮನೆ ಹುಡುಕುವಾಗ ಹೋದಲ್ಲೆಲ್ಲ ಇದೇ ಬೋರ್ಡು, ಇದೇ ಪ್ರಶ್ನೆ. ಅಮ್ಮ ಜೊತೆಗೆ ಇರುತ್ತಾರಾ, ರಾತ್ರಿ ಎಷ್ಟು ಗಂಟೆಗೆ ಬರುತ್ತೀರಾ, ಅಡ್ವಾನ್ಸು ಹತ್ತು ತಿಂಗಳದು. ಆಗ ನಾನು ಫೋನಿನಲ್ಲಿ ಆ ಮನೆ ಓನರುಗಳನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದೆ, “ಒಬ್ಬ ಹುಡುಗಿ ಒಂದು ಫ್ಯಾಮಿಲಿ ಅಲ್ಲವೇನು? ಇವರೆಲ್ಲ ಯಾವ ಕಾಲದಲ್ಲಿದ್ದಾರೆ?” ಎಂದು. ಮಗಳು ಅದೇ ಮಾತನ್ನು ಅದೇ ದನಿಯಲ್ಲಿ, ಕೈ ಆಡಿಸುವುದನ್ನೂ ಬಿಡದೆ, ಬೋರ್ಡಿಗೆ ಹೇಳಿದಳು. ನಾನು ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದೆ.

ಅವಳ ಬಟ್ಟೆಯಿಂದ ವಾಷಿಂಗ್ ಮೆಷಿನ್ನು ಶನಿವಾರವೆಲ್ಲ ತಿರುಗುತ್ತಿರುತ್ತದೆ. ಯೂನಿಟ್ ಲೆಕ್ಕದ ನಮ್ಮವರು ಏನೋ ಗೊಣಗಿದರು. ಮಗಳು ಕಾನೂನು ಓದಿದವಳಲ್ಲ, ಆದರೆ ಬೇಕಾದ್ದಷ್ಟನ್ನು ತಿಳಿದುಕೊಂಡಿದ್ದಾಳೆ. “ಅಪ್ಪಾ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನಾಗಿದೆ. ಇಡೀ ದೇಶಕ್ಕೆ 2005ರಲ್ಲಿ ಆಯ್ತು.” ನಮ್ಮವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಅದು ಪಿತ್ರಾರ್ಜಿತಕ್ಕಮ್ಮ. ಈ ಮನೆ ಸ್ವಯಾರ್ಜಿತ. ವಾಷಿಂಗ್ ಮೆಷಿನ್ನೂ ಸ್ವಯಾರ್ಜಿತ.” ಅಷ್ಟರಲ್ಲಿ ಅತ್ತೆ ಒಳಗಿನಿಂದ, “ಉಪ್ಪಿನಕಾಯಿ ಜಾಡಿ ಪಿತ್ರಾರ್ಜಿತ ಕಣೇ, ಬೇಕಾದಷ್ಟು ತಗೊಂಡು ಹೋಗು” ಎಂದರು.

ಬೋರ್ಡಿಗೆ ಕೊನೆಗೆ ಬಂದವರು ಈ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಬ್ಬರೂ ಕೆನಡಾದಲ್ಲಿ. ಗೇಟಿನ ಬಳಿ ನಿಂತು ಬಹಳ ಸಂಕೋಚದಿಂದ, “ಅಮ್ಮಾ, ನಾನು ಫ್ಯಾಮಿಲಿ ಇದ್ದವನೇ, ಸದ್ಯಕ್ಕೆ ಬ್ಯಾಚುಲರ್” ಎಂದರು. ವಯಸ್ಸು 66. ಒಬ್ಬರೇ ಇರುವವರೆಂದರೆ ರಾತ್ರಿ ಗಲಾಟೆ, ಸಿಗರೇಟು ಎಂದೆಲ್ಲ ಹೆದರಿದ್ದ ನನಗೆ ಇವರ ಕಡೆಯಿಂದ ಬಂದ ಒಂದೇ ತೊಂದರೆ ಎಂದರೆ ರಾತ್ರಿ ಎಂಟೂವರೆಗೆ ಮಲಗಿಬಿಡುತ್ತಾರೆ, ನಮ್ಮ ಟೀವಿ ಸದ್ದು ಜಾಸ್ತಿಯಾಯಿತೆಂದು ಮರುದಿನ ತಿಳಿಸುತ್ತಾರೆ. ಅವರ ಹತ್ತಿರ ಒಂದು ಕರೆಂಟ್ ಕುಕ್ಕರಿದೆ. ಅನ್ನ ಅವರೇ ಮಾಡಿಕೊಳ್ಳುತ್ತಾರೆ, ಸಾರು ನಮ್ಮಲ್ಲಿಂದ ಹೋಗುತ್ತದೆ. ಹೀಗಾಗಿ ಅವರದು ಅರ್ಧ ಒಲೆ.

2025ರ ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಮ್ಮ ಬೀದಿಗೆ ಬಂತು. ಮೀಟರಿನ ಲೆಕ್ಕ ಹಿಡಿದು ಮೊದಲೇ ಸ್ಟಿಕರ್ ಅಂಟಿಸಿ ಹೋಗಿದ್ದರು. ಎರಡು ಮೀಟರು, ಎರಡು ಸ್ಟಿಕರು. ಸಮೀಕ್ಷೆಗೆ ಬಂದ ಟೀಚರಮ್ಮ ಬಿಸಿಲಲ್ಲಿ ಸುಸ್ತಾಗಿದ್ದರು. ಮಜ್ಜಿಗೆ ಕುಡಿದು, ಮೊಬೈಲ್ ತೆರೆದು, “ಈ ಮನೇಲಿ ಎಷ್ಟು ಕುಟುಂಬ ಮೇಡಂ?” ಎಂದರು.

“ಎರಡು” ಎಂದೆ ನಾನು.

“ಒಂದು” ಎಂದರು ಅತ್ತೆ.

“ಟೆಕ್ನಿಕಲಿ ಹೇಳೋದಾದರೆ…” ಎಂದು ನಮ್ಮವರು ಗಂಟಲು ಸರಿಮಾಡಿಕೊಂಡರು. ಸಾರಿನ ಪಾತ್ರೆ ವಾಪಸು ಕೊಡಲು ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತು, “ನನ್ನನ್ನೂ ಸೇರಿಸಿದರೆ ಮೂರು” ಎಂದರು.

ಟೀಚರಮ್ಮ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. ಇನ್ನೂ 60 ಪ್ರಶ್ನೆ ಬಾಕಿಯಿತ್ತು. “ಅಡುಗೆ ಒಟ್ಟಿಗೇನಾ, ಬೇರೇನಾ?”

“ಬೇರೆ, ಬೇರೆ. ನಾನಂತೂ ಮೇಲಕ್ಕೆ ಕಾಲೇ ಇಡೋದಿಲ್ಲ” ಎಂದು ನಾನು ಶುರುಮಾಡುವಾಗ ಸೊಸೆ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಬಟ್ಟಲು. “ಅತ್ತೀ, ಹೆಪ್ಪಿಗೆ ಒಂಚೂರು ಮಸರು ಕೊಡ್ರಿ.” ಮೇಲಿಂದ ಮಗನ ಕೂಗು: “ಅಮ್ಮಾ, ಬೆಳಿಗ್ಗೆ ಮಾಡಿದ ಗೊಜ್ಜು ಉಳಿದಿದ್ರೆ ಕಳಿಸು!”

ಟೀಚರಮ್ಮ ಮೊಬೈಲನ್ನು ಮಡಿಲಲ್ಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮ ಮನೆಗೆ ಸಮೀಕ್ಷೆಗೆ ಬಂದ ಮೇಷ್ಟ್ರಿಗೂ ನಾನು ಎರಡು ಅಂತಲೇ ಹೇಳಿದೆ ಮೇಡಂ. ನಮ್ಮತ್ತೆ ಒಂದು ಅಂದರು” ಎಂದು, ಎರಡು ಸ್ಟಿಕರ್ ಇರುವುದರಿಂದ ಎರಡೇ ಇರಲಿ ಎಂದು ತೀರ್ಪು ಕೊಟ್ಟರು. ಅಜ್ಜಿಯನ್ನು ಯಾವ ಮನೆಗೆ ಬರೆಯಲಿ ಎಂಬ ಪ್ರಶ್ನೆ ಬಂತು. ಇದೇನು ಕೇಳುವ ಮಾತೇ, ನಮ್ಮ ಜೊತೆಗೆ ಎಂದು ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು: “ಮೇಲಿನ ಮನೆಗೇ ಬರ್ಕೊಳ್ಳಮ್ಮ. ಅಲ್ಲಿ ಎಸಿ ಇದೆ.”

ಅಂದು ಸಂಜೆ ಮೇಷ್ಟ್ರು ನಮ್ಮ ಹಾಲಿನಲ್ಲಿ ಪಾಠ ಮಾಡಿದರು. ಜನಗಣತಿಯವರ ಪ್ರಕಾರ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತ ಒಟ್ಟಿಗೆ ಬಾಳುವವರು ಒಂದು ಕುಟುಂಬ, ರಕ್ತಸಂಬಂಧ ಇರಲೇಬೇಕೆಂದಿಲ್ಲ. ಹಾಗಾದರೆ ಸಾರಿನ ಮಟ್ಟಿಗೆ ತಾವೂ ನಮ್ಮವರೇ ಎಂದು ಸೂಚಿಸಿ ಸ್ವಲ್ಪ ತಡೆದರು. ನಾವು ಬಾಡಿಗೆ ಕಡಿಮೆ ಮಾಡುತ್ತೇವೆ ಎನ್ನಲಿಲ್ಲವಾಗಿ ಮುಂದುವರಿಸಿದರು. ಅವಿಭಕ್ತ ಕುಟುಂಬ ಒಡೆಯಿತು ಎಂದು ಜನ ಗೋಳಾಡುವುದು ಹಳೆಯ ಚಾಳಿಯಂತೆ. ಎ. ಎಂ. ಶಾ ಎಂಬ ಸಮಾಜಶಾಸ್ತ್ರಜ್ಞರು ಗುಜರಾತಿನ ಒಂದು ಹಳ್ಳಿಯ ಹತ್ತೊಂಬತ್ತನೇ ಶತಮಾನದ ದಾಖಲೆ ತೆಗೆದು ನೋಡಿದರೆ, ಆಗಲೂ ಚಿಕ್ಕ ಚಿಕ್ಕ ಮನೆಗಳೇ ಹೆಚ್ಚಿದ್ದವಂತೆ. ಹಿಂದಿನವರೆಲ್ಲ ಇಪ್ಪತ್ತು ಮೂವತ್ತು ಜನ ಒಂದೇ ಸೂರಿನಡಿ ಇದ್ದರೆಂಬುದು ನಮ್ಮ ಕಲ್ಪನೆ.

ಅತ್ತೆ ಹೂಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದರು. “ಆಗೆಲ್ಲ ಜನ ಬೇಗ ಬೇಗ ಸಾಯ್ತಿದ್ರಲ್ಲ ಮೇಷ್ಟ್ರೇ, ಒಟ್ಟಿಗಿರೋಕೆ ಯಾರು ಉಳೀತಿದ್ರು?” ಎಂದರು. ಮೇಷ್ಟ್ರು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, “ಅದನ್ನೂ ಕೆಲವರು ಹೇಳಿದ್ದಾರೆ” ಎಂದರು. ಸೊಸೆಗೆ ಊರಭಿಮಾನ ಉಕ್ಕಿತು. “ನಮ್ಮ ಧಾರವಾಡ ಜಿಲ್ಲಾದಾಗ ಲೋಕೂರ ಅಂತ ಊರದ್ರಿ. ಅಲ್ಲಿ ನೂರಕ್ಕ ಮ್ಯಾಲ ಮಂದಿ ಒಂದ ಮನಿತನದಾಗ ಕೂಡಿ ಇರ್ತಾರ ಅಂತ ಪೇಪರಿನ್ಯಾಗೆಲ್ಲಾ ಬಂದಿತ್ತು. ನಮ್ಮ ಐದ ಮಂದಿಗೆ ಯಾಕಿಷ್ಟ ಗದ್ಲ?” ಎಂದಳು. ನೂರು ಜನರಲ್ಲಿ ತಪ್ಪಿಸಿಕೊಳ್ಳಬಹುದು ಕಣಮ್ಮ, ಐದು ಜನರಲ್ಲಿ ಎಲ್ಲಿ ಅಡಗುವುದು ಎಂದು ನನಗೆ ಹೇಳಬೇಕೆನ್ನಿಸಿತು. ಆದರೆ ಅವಳ ಚಾರ್ಜರು ನಮ್ಮ ಪ್ಲಗ್ಗಿನಲ್ಲಿತ್ತು, ನಮ್ಮವರು ಅದನ್ನೇ ನೋಡುತ್ತಿದ್ದರು.

ಈ ಮನೆಯ ಯಜಮಾನಿ ಯಾರು ಎಂಬ ಪ್ರಶ್ನೆ ಮಾತ್ರ 2023ರಲ್ಲೇ ಇತ್ಯರ್ಥವಾಗಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಗೋ ಸೊಸೆಗೋ ಎಂದು ಇಡೀ ರಾಜ್ಯ ಮಾತಾಡುತ್ತಿದ್ದ ಕಾಲ ಅದು. ನಮ್ಮ ಮನೆಗಂತೂ ಅದು ಬರುವುದೇ ಇಲ್ಲ. ಬಾರದ ದುಡ್ಡಿಗೇ ನಾವು ನಾಲ್ಕು ದಿನ ಮುಖ ತಿರುಗಿಸಿಕೊಂಡು ಓಡಾಡಿದೆವು. ಮೂವತ್ತು ವರ್ಷದ ಮೇಲೆ ಈ ಮನೆಯ ಬೇಳೆ ಬೇಯಿಸಿದವಳು ನಾನು, ಯಜಮಾನಿ ನಾನಲ್ಲದೆ ಇನ್ನಾರು ಎಂದು ನನ್ನ ವಾದ. ನಮ್ಮವರು ಪಡಿತರ ಚೀಟಿ ತೆಗೆದು ತೋರಿಸಿದರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ, ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ಚೀಟಿಯ ಮೊದಲ ಸಾಲಿನಲ್ಲಿ ಅತ್ತೆಯ ಫೋಟೋ, ನಸುನಗುತ್ತ. “ನನ್ನ ಸರದಿ ಯಾವಾಗ ಬರುತ್ತೆ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಆ ಪ್ರಶ್ನೆಯ ಅರ್ಥ ಹೊಳೆಯಿತು. ನಮ್ಮವರು ತಾಯಿಯ ಮುಖ ನೋಡಿದರು. ಅತ್ತೆ ಹೂಬತ್ತಿಯ ಡಬ್ಬಿ ಮುಚ್ಚಿ, “ನಮ್ಮಮ್ಮ ತೊಂಬತ್ತೆಂಟು ವರ್ಷ ಇದ್ದಳು” ಎಂದರು.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ನಾನೂ ನಮ್ಮವರೂ ಯಾರಿಗೂ ಹೇಳದೆ ಹಿರಿಯ ನಾಗರಿಕರ ಅಪಾರ್ಟ್‌ಮೆಂಟೊಂದನ್ನು ನೋಡಲು ಹೋದೆವು. ಮನೆಯಲ್ಲಿ ಮದುವೆಗೆ ಎಂದಿದ್ದೆವು; ರೇಷ್ಮೆ ಸೀರೆ ಬೇರೆ ಉಡಬೇಕಾಯಿತು. ದೇವನಹಳ್ಳಿ ಕಡೆ, ಊರಿಂದ ದೂರ, ಅಚ್ಚುಕಟ್ಟು ಜಾಗ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ, ಮಂಚದ ಪಕ್ಕ ಗಂಟೆ, ಮೆಟ್ಟಿಲೇ ಇಲ್ಲ. ಊಟಕ್ಕೆ ಎಲ್ಲರಿಗೂ ಸೇರಿ ಒಂದು ಹಾಲ್, ಒಂದೇ ಅಡುಗೆಮನೆ. ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಒಂದೇ ಗಟ್ಟಿಯ ಕಾಫಿ. ಒಂದೇ ಗಟ್ಟಿ ಎಂಬುದು ನನ್ನ ಮನಸ್ಸಿಗೆ ನಾಟಿತು. ತೋರಿಸಲು ಬಂದ ಹುಡುಗಿ ನನ್ನ ಮೊಣಕೈ ಹಿಡಿದುಕೊಂಡೇ ನಡೆಸಿದಳು. “ನನಗೆ ಅಷ್ಟು ವಯಸ್ಸಾಗಿಲ್ಲ, 55 ಆದವರನ್ನೇ ಸೇರಿಸಿಕೊಳ್ಳೋದು ಅಲ್ವಾ?” ಎಂದೆ. ಅವಳು ನನ್ನನ್ನೇ ನೋಡಿ, “ಯೋಚನೆ ಮಾಡಬೇಡಿ ಅಮ್ಮಾ, ನಿಮಗೆ ಆಗುತ್ತೆ” ಎಂದಳು. ವಾಪಸು ಬಂದು ಮೇಷ್ಟ್ರಿಗೆ ಮಾತ್ರ ಗುಟ್ಟಾಗಿ ಹೇಳಿದೆ. ಸಂಬಂಧವಿಲ್ಲದವರು ಒಂದು ಸಂಸ್ಥೆಯಲ್ಲಿದ್ದು ಒಂದೇ ಅಡುಗೆಮನೆಯಲ್ಲಿ ಉಂಡರೆ ಜನಗಣತಿಯಲ್ಲಿ ಅದಕ್ಕೆ ಸಾಂಸ್ಥಿಕ ಕುಟುಂಬ ಎನ್ನುತ್ತಾರೆಂದೂ ಹಾಸ್ಟೆಲು, ಆಶ್ರಮ, ಜೈಲು ಎಲ್ಲ ಅದೇ ಪಟ್ಟಿಯಲ್ಲಿ ಬರುತ್ತವೆಂದೂ ವಿವರಿಸಿದರು. ನಾನು ಕೇಳಿರಲಿಲ್ಲ.

ಅಲ್ಲಿ ಕೊಟ್ಟ ಬಣ್ಣದ ಪುಸ್ತಕವನ್ನು ಪಂಚಾಂಗದೊಳಗೆ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಪಂಚಾಂಗ ತೆಗೆಯುವವರು ಒಬ್ಬರೇ ಎಂಬುದು ಹೊಳೆಯಲಿಲ್ಲ. ಏಕಾದಶಿ ನೋಡಲು ತೆಗೆದ ಅತ್ತೆ ಅದನ್ನು ಮೊದಲಿನಿಂದ ಕೊನೆಯವರೆಗೆ, ಭೂತಗನ್ನಡಿ ಹಿಡಿದು ಓದಿದರು. ನನ್ನನ್ನೂ ನಮ್ಮವರನ್ನೂ ಕರೆದರು.

“ನನ್ನನ್ನು ಸೇರಿಸೋಕೆ ತಂದ್ರಾ?”

ನಮ್ಮವರ ಮುಖ ಬಿಳಿಚಿಹೋಯಿತು. “ಅಯ್ಯೋ, ಛೆ ಛೆ, ಇಲ್ಲಮ್ಮ! ನಾವು ಹೋಗೋಣ ಅಂತ…”

“ಹಾಗೆ ಹೇಳು” ಎಂದು ಅವರು ಕನ್ನಡಕ ಸರಿಮಾಡಿಕೊಂಡು ಮತ್ತೆ ಪುಟ ತಿರುವಿದರು. ಬೈಯುತ್ತಾರೆ, ಅಳುತ್ತಾರೆ ಎಂದು ನಾವು ತಲೆ ತಗ್ಗಿಸಿ ನಿಂತಿದ್ದೆವು. ಎರಡೂ ಆಗಲಿಲ್ಲ. ಮೇಲಿಂದ ಸೊಸೆಯನ್ನು ಕೂಗಿ, ಅವಳ ಫೋನಿನಿಂದ ಪುಸ್ತಕದ ಹಿಂದಿದ್ದ ನಂಬರಿಗೆ ಫೋನ್ ಮಾಡಿಸಿದರು. ಸ್ಪೀಕರ್ ಹಾಕಿಸಿದರು.

“ನನಗಲ್ಲಮ್ಮ, ನನ್ನ ಮಗ ಸೊಸೆಗೆ. ವಯಸ್ಸಾಯ್ತು, ನನ್ನ ಕೈಲೂ ನೋಡ್ಕೊಳ್ಳೋಕೆ ಆಗ್ತಿಲ್ಲ. ಅವನಿಗೆ ಲೈಟು ಆರಿಸೋ ಚಾಳಿ, ಊಟದ ಮಧ್ಯೆ ಎದ್ದು ಹೋಗಿ ಆರಿಸಿಬಿಡ್ತಾನೆ, ಸ್ವಲ್ಪ ನೋಡ್ಕೊಳ್ಳಿ. ಅವಳು ಒಳ್ಳೇವಳೇ. ಅಡುಗೆಮನೆ ಹತ್ತಿರ ರೂಮು ಕೊಡಬೇಡಿ, ಕುಕ್ಕರ್ ಕೂಗಿದರೆ ಎದ್ದು ಬರ್ತಾಳೆ.” ಪಕ್ಕದಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, “ನೆಲ ಅಂತಸ್ತಿಂದ ಕೊಡ್ರಿ ಅಂತ ಹೇಳ್ರಿ ಅಜ್ಜಿ, ಮಂಡಿ ನೋವದ” ಎಂದಳು. ಅವಳ ಕಾಳಜಿ ನೋಡಿ ನನಗೆ ಸಂತೋಷವಾಗಬೇಕಿತ್ತು.

ಅಂದಿನಿಂದ ಆ ಅಪಾರ್ಟ್‌ಮೆಂಟಿನ ಹುಡುಗಿ ಬಿಡದೆ ಫೋನ್ ಮಾಡುತ್ತಾಳೆ. “ಅಮ್ಮಾ, ನಿಮ್ಮ ಮನೆ ದೊಡ್ಡವರು ಒಪ್ಪಿಕೊಂಡಿದ್ದಾರೆ, ಮೊಮ್ಮಗ ಅಡ್ವಾನ್ಸ್ ಕಟ್ಟುತ್ತೀನಿ ಅಂದಿದ್ದಾರೆ. ನೀವಿಬ್ಬರೇ ಯಾಕೆ ಹಟ ಮಾಡ್ತಿದ್ದೀರಿ?”